ನರೆಗೂದಲಿಗೂ ಸಾಕ್ಷಿ ಕೇಳಿದ ಊರಿನಲ್ಲಿ

ರೋಶ್ನಿ ನಮ್ಮಿಬ್ಬರನ್ನು ಸ್ಯಾನ್ ಹೋಸೆ ರೈಲು ನಿಲ್ದಾಣದ ಮುಂದೆ ಇಳಿಸಿದಾಗ ಬೆಳಗಿನ ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. "ಅಮ್ಮಾ, ಅತ್ತೆ, ಇಬ್ರೂ ಜೊತೇಲೇ ಇರಿ. ದಾರಿ ತಪ್ಪಿದ್ರೆ ಫೋನ್ ಮಾಡಿ. ಮೀಟಿಂಗಲ್ಲಿದ್ರೂ ಎತ್ಕೋತೀನಿ" ಎಂದು ಕಾರಿನ ಕಿಟಕಿಯಿಂದಲೇ ಹೇಳಿ ಹೊರಟುಹೋದಳು. ಅಮ್ಮ ಎಂದರೆ ಮಡಿಕೇರಿಯ ಪೊನ್ನಮ್ಮ, ಅವಳನ್ನು ಹೆತ್ತವರು. ಅತ್ತೆ ಎಂದರೆ ನಾನು, ಮಂಡ್ಯದ ಜಯಮ್ಮ, ಅವಳ ಗಂಡ ಅನಿಲನ ತಾಯಿ. ಬೀಗಿತ್ತಿಯರಿಬ್ಬರೇ, ಮಕ್ಕಳ ಕಾವಲಿಲ್ಲದೆ, ಸ್ಯಾನ್ ಫ್ರಾನ್ಸಿಸ್ಕೋ ನೋಡಿಬರಲು ಹೊರಟಿದ್ದೆವು.

ಹೋಗೋಣವೆಂದು ಮೊದಲು ಹೇಳಿದವರು ಪೊನ್ನಮ್ಮ. ಸ್ಯಾನ್ ಹೋಸೆಯ ಎವರ್‌ಗ್ರೀನ್ ಬಡಾವಣೆಯ ಆ ಮನೆಯಲ್ಲಿ ನಮಗಿಬ್ಬರಿಗೂ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಮನೆ ಚೆನ್ನಾಗಿಯೇ ಇದೆ. ಹಿಂದೆ ಗುಡ್ಡ, ಮುಂದೆ ನಿಂಬೆ ಗಿಡ, ಸಂಜೆ ಬೀದಿಗಿಳಿದರೆ ಮಾತಾಡಿಸಲು ಹಾಸನದವರು, ಮೈಸೂರಿನವರು. ಆದರೆ ಒಂಬತ್ತು ವರ್ಷದ ಮೊಮ್ಮಗಳು ತಾರಾ ಬೇಸಿಗೆ ಕ್ಯಾಂಪಿಗೂ ರೋಶ್ನಿ ಆಫೀಸಿಗೂ ಹೋದ ಮೇಲೆ ನಾವಿಬ್ಬರೂ ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ಸುತ್ತುತ್ತಿದ್ದೆವು. ನಾನು ತೊಳೆದಿಟ್ಟ ಪಾತ್ರೆಯನ್ನು ಅವರು ಮತ್ತೊಮ್ಮೆ ತೊಳೆಯುವರು, ಅವರು ಮಡಿಸಿಟ್ಟ ಬಟ್ಟೆಯನ್ನು ನಾನು ಬಿಚ್ಚಿ ಮತ್ತೆ ಮಡಿಸುವೆನು. ಅನಿಲ ಸ್ಯಾನ್ ರಮೋನಿನ ಒಂದು ಆಸ್ಪತ್ರೆಯಲ್ಲಿ ಫಾರ್ಮಸಿಸ್ಟು. 680 ಫ್ರೀವೇಯ ಟ್ರಾಫಿಕ್ಕಿನಲ್ಲಿ ದಿನಾ ಸಿಕ್ಕಿಕೊಳ್ಳುವ ಬದಲು ವಾರವೆಲ್ಲ ಅಲ್ಲೇ ಒಬ್ಬ ಸ್ನೇಹಿತನ ರೂಮಿನಲ್ಲಿದ್ದು ಶನಿವಾರ ಮನೆಗೆ ಬರುತ್ತಾನೆ ಎಂದು ನಮಗೆ ಹೇಳಿದ್ದರು.

ನಿಲ್ದಾಣದ ಟಿಕೆಟ್ ಯಂತ್ರದಲ್ಲಿ ಅರವತ್ತೈದು ದಾಟಿದವರಿಗೆ ಅರ್ಧ ದರ ಎಂದಿತ್ತು. ನನಗೆ ಅರವತ್ತೇಳು, ಪೊನ್ನಮ್ಮನಿಗೆ ಎಪ್ಪತ್ತು. ಗುಂಡಿ ಒತ್ತಿದೆವು, ಟಿಕೆಟ್ ಬಂತು. ರೈಲಿನಲ್ಲಿ ಕಂಡಕ್ಟರು ಬಂದು ಟಿಕೆಟ್ ನೋಡಿದ, ನಮ್ಮಿಬ್ಬರ ತಲೆ ನೋಡಿದ, ಮುಂದೆ ಹೋದ. ಸೀರೆಯ ಕೆಳಗೆ ರೋಶ್ನಿ ಕೊಡಿಸಿದ ಬಿಳಿ ಶೂ ಹಾಕಿದ್ದ ನಾನು, ಪ್ಯಾಂಟು ಸ್ವೆಟರು ಹಾಕಿದ್ದ ಪೊನ್ನಮ್ಮ, ಇಬ್ಬರೂ ಮುದುಕಿಯರೆಂದು ಅವನಿಗೆ ಯಾವ ಅನುಮಾನವೂ ಬರಲಿಲ್ಲ.

ರೈಲು ಹೊಸದು, ಕರೆಂಟಿನದು, ಸದ್ದೇ ಇಲ್ಲ. ಮೌಂಟನ್ ವ್ಯೂ, ಪಾಲೋ ಆಲ್ಟೋ ಎಂದು ಹೆಸರು ಕೇಳಿದ್ದ ಊರುಗಳೆಲ್ಲ ಒಂದರ ಹಿಂದೊಂದು ಬಂದು ಹೋದವು. ಸೈಕಲ್ಲುಗಳನ್ನು ಹಿಡಿದುಕೊಂಡೇ ಜನ ಹತ್ತುತ್ತಿದ್ದರು. ರೋಶ್ನಿ ಕಟ್ಟಿಕೊಟ್ಟಿದ್ದ ಚಪಾತಿ ರೋಲನ್ನು ಪೊನ್ನಮ್ಮ ಬಿಚ್ಚಿದರು, ಮತ್ತೆ ಕಟ್ಟಿಟ್ಟರು.

"ಜಯಮ್ಮನವರೇ, ನಾನೊಂದು ಹೇಳ್ತೀನಿ, ತಪ್ಪು ತಿಳ್ಕೋಬೇಡಿ" ಎಂದರು. "ಇವತ್ತು ನಾನು ಒಂದು ಗ್ಲಾಸ್ ವೈನ್ ಕುಡೀತೀನಿ. ನೀವು ಸುಮ್ನೆ ಜೊತೇಲಿ ಕೂತಿರಿ, ಸಾಕು."

ಅವರ ಮನೆಯಲ್ಲಿ ಅದು ದೊಡ್ಡ ಸಂಗತಿಯೇನಲ್ಲವೆಂದು ನನಗೆ ಗೊತ್ತಿತ್ತು. ವರ್ಷಾ ವರ್ಷಾ ದ್ರಾಕ್ಷಿಯದು, ನೆಲ್ಲಿಕಾಯಿಯದು, ಶುಂಠಿಯದು ಎಂದು ಭರಣಿಗಳಲ್ಲಿ ವೈನು ಹಾಕುತ್ತಾರೆ. ಹಬ್ಬಕ್ಕೆ ಬಂದ ನೆಂಟರಿಗೆ ಗಂಡಸು ಹೆಂಗಸು ಎನ್ನದೆ ಸಣ್ಣ ಗ್ಲಾಸಿನಲ್ಲಿ ಕೊಡುತ್ತಾರೆ. ಮದುವೆಗೆ ಮೊದಲು ಮಾತುಕತೆಗೆ ಹೋದಾಗ ನಮಗೂ ಕೊಟ್ಟಿದ್ದರು. ನಾನು ಮುಟ್ಟಿರಲಿಲ್ಲ.

"ನನಗೂ ಒಂದು ಗ್ಲಾಸು ಹೇಳಿ" ಎಂದೆ.

ಪೊನ್ನಮ್ಮ ತಿರುಗಿ ನನ್ನ ಮುಖ ನೋಡಿದರು. ಯಾಕೆ ಎಂದು ಕೇಳಲಿಲ್ಲ. ಕೇಳಿದ್ದರೆ ಏನು ಹೇಳುತ್ತಿದ್ದೆನೋ ಗೊತ್ತಿಲ್ಲ.

ಕಾರಣ ಹೀಗಿತ್ತು. ನಾನು ಬಂದ ಎರಡನೇ ವಾರ ಅನಿಲ ನನ್ನೊಬ್ಬಳನ್ನೇ ಸ್ಯಾನ್ ರಮೋನಿಗೆ ಕರೆದುಕೊಂಡು ಹೋಗಿದ್ದ. ಅಲ್ಲಿ ಸ್ನೇಹಿತನೂ ಇರಲಿಲ್ಲ, ರೂಮೂ ಇರಲಿಲ್ಲ. ಅವನೇ ಬಾಡಿಗೆಗೆ ಹಿಡಿದ ಒಂದು ಅಪಾರ್ಟ್‌ಮೆಂಟು, ಹಾಲಿನ ಮೂಲೆಯಲ್ಲಿ ತಾರಾಳ ಅಳತೆಗೆ ತಂದ ಮಂಚ. "ಟ್ರಾಫಿಕ್ಕಿಗೋಸ್ಕರ ಅಲ್ಲಮ್ಮ ಇದು. ನಾವಿಬ್ರೂ ಬೇರೆ ಆಗ್ತಿದೀವಿ. ನೀನು ಊರಿಗೆ ಹೋಗೋ ತನಕ ಅತ್ತೆಗೆ ಹೇಳ್ಬೇಡ" ಎಂದ. ಅವನ ಅತ್ತೆ ಎಂದರೆ ಪೊನ್ನಮ್ಮ. ಯಾಕಪ್ಪಾ ಎಂದು ಕೇಳಿದ್ದಕ್ಕೆ ಕಿಟಕಿಯ ಪರದೆ ಸರಿಮಾಡುತ್ತ ನಿಂತ. ಅಂದಿನಿಂದ ಪೊನ್ನಮ್ಮ ಬೆಳಗ್ಗೆ ಕಾಫಿ ತಂದು ಕೈಗೆ ಕೊಟ್ಟಾಗಲೆಲ್ಲ ಅವರ ಮುಖ ನೋಡದೆ ಕುಡಿಯುತ್ತಿದ್ದೆ. ಮುಂದಿನ ವಾರ ನಾನು ವಿಮಾನ ಹತ್ತಬೇಕಿತ್ತು. ಹೇಳದೆ ಹೋದರೆ, ಗೊತ್ತಿದ್ದೂ ನನ್ನ ಎದುರಿಗೆ ಕೂತು ನಗುತ್ತಿದ್ದಳು ಎಂದು ಅವರು ಜೀವಮಾನವಿಡೀ ಅಂದುಕೊಳ್ಳುತ್ತಾರೆ. ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸಾಗಿದ್ದವಳು ನಾನು. ಕುಡಿದು ಸಡಿಲವಾದ ನಾಲಿಗೆಗಳನ್ನು ಬೇಕಾದಷ್ಟು ಕೇಳಿದ್ದೆ. ಒಂದು ಗ್ಲಾಸು ಹೊಟ್ಟೆಗೆ ಬಿದ್ದರೆ ನನ್ನ ನಾಲಿಗೆಯೂ ಏಳಬಹುದು ಎಂದುಕೊಂಡೆ.

ಸ್ಯಾನ್ ಫ್ರಾನ್ಸಿಸ್ಕೋ ಹತ್ತಿರವಾಗುತ್ತಿದ್ದಂತೆ ಗುಡ್ಡಗಳ ಮೇಲಿಂದ ಮಂಜು ಇಳಿದಿತ್ತು. ಸುರಂಗ ದಾಟಿ ಹೊರಗೆ ಬಂದರೆ ಜುಲೈ ತಿಂಗಳಲ್ಲಿ ಜನ ಜಾಕೆಟ್ ಹಾಕಿಕೊಂಡು ಓಡಾಡುತ್ತಿದ್ದರು. ಸ್ಯಾನ್ ಹೋಸೆಯಲ್ಲಿ ಬೆವರಿದ್ದ ಬೆನ್ನು ಇಲ್ಲಿ ತಣ್ಣಗಾಯಿತು. ನಾನು ಸೆರಗನ್ನು ತಲೆತುಂಬ ಹೊದ್ದೆ. ನೀರಿನ ಅಂಚಿನ ರಸ್ತೆ ಹಿಡಿದು ನಡೆದೆವು. ಎಡಗಡೆ ಎತ್ತರದ ಕಟ್ಟಡಗಳು, ಬಲಗಡೆ ಕೊಲ್ಲಿ, ಮೇಲೆ ಓಕ್‌ಲ್ಯಾಂಡಿಗೆ ಹೋಗುವ ದೊಡ್ಡ ಸೇತುವೆ. ಸೇತುವೆಯ ಕೆಳಗೆ ನಿಂತರೆ ಮೇಲೆ ಓಡುವ ವಾಹನಗಳ ಗುಂಯ್ ಎನ್ನುವ ಸದ್ದು ಒಂದು ಕ್ಷಣವೂ ನಿಲ್ಲುವುದಿಲ್ಲ. ನನ್ನ ತಲೆಯೊಳಗೂ ಅಂಥದ್ದೇ ಸದ್ದಿತ್ತು.

ನೀರಿಗೆ ಮುಖಮಾಡಿ ಕುರ್ಚಿ ಹಾಕಿದ್ದ ಒಂದು ಹೋಟೆಲು ಪೊನ್ನಮ್ಮನಿಗೆ ಹಿಡಿಸಿತು. ಮೂಗಿಗೆ ಬೆಳ್ಳಿಯ ರಿಂಗು ಸಿಕ್ಕಿಸಿಕೊಂಡಿದ್ದ ಒಬ್ಬ ಹುಡುಗಿ ನೀರು ತಂದಿಟ್ಟಳು. ಪೊನ್ನಮ್ಮ ಎರಡು ಗ್ಲಾಸು ಕೆಂಪು ವೈನು ಹೇಳಿದರು. ಹುಡುಗಿ ನಗುತ್ತಲೇ, ನಿಮ್ಮಿಬ್ಬರ ಐಡಿ ನೋಡಬಹುದೇ ಎಂದು ಕೇಳಿದಳು.

ರೈಲಿನಂತೆ ಇಲ್ಲೂ ಹಿರಿಯರಿಗೆ ರಿಯಾಯಿತಿ ಇರಬೇಕೆಂದು ನನಗೆ ಖುಷಿಯಾಯಿತು. "ಎಷ್ಟು ಕಡಿಮೆ ಮಾಡ್ತಾರೆ ಕೇಳಿ" ಎಂದು ಪೊನ್ನಮ್ಮನಿಗೆ ಹೇಳಿದೆ.

"ರಿಯಾಯಿತಿ ಅಲ್ಲ ಜಯಮ್ಮನವರೇ. ನಮಗೆ ಇಪ್ಪತ್ತೊಂದು ತುಂಬಿದೆಯಾ ಅಂತ ನೋಡೋಕೆ."

ನಾನು ಹುಡುಗಿಯನ್ನೇ ನೋಡಿದೆ. ತಮಾಷೆಯಂತೆ ಕಾಣಲಿಲ್ಲ. ಪೊನ್ನಮ್ಮ ಕೈಚೀಲದ ಒಳಜೇಬಿನಿಂದ ಪಾಸ್‌ಪೋರ್ಟು ತೆಗೆದು ಕೊಟ್ಟರು. ಈ ದೇಶಕ್ಕೆ ಬಂದಾಗಿನಿಂದ ಅದನ್ನು ಬಿಟ್ಟು ಅವರು ಬೀದಿಗೂ ಇಳಿದವರಲ್ಲ. ನನ್ನ ಪಾಸ್‌ಪೋರ್ಟು ಎವರ್‌ಗ್ರೀನಿನಲ್ಲಿ, ಸೂಟ್‌ಕೇಸಿನೊಳಗೆ, ರೇಷ್ಮೆ ಸೀರೆಯ ಮಡಿಕೆಯಲ್ಲಿ ಭದ್ರವಾಗಿತ್ತು. ಪರ್ಸಿನಲ್ಲಿದ್ದ ಆಧಾರ್ ಕಾರ್ಡು ಕೊಟ್ಟೆ. ಹುಡುಗಿ ಅದನ್ನು ಎರಡೂ ಕಡೆ ತಿರುಗಿಸಿ ನೋಡಿದಳು. ಕನ್ನಡ ಅಕ್ಷರ ಚೆನ್ನಾಗಿದೆ ಎಂದಳು, ಆದರೆ ಇದು ನಡೆಯುವುದಿಲ್ಲ, ಪಾಸ್‌ಪೋರ್ಟೇ ಬೇಕು ಎಂದಳು. ಫೋನಿನಲ್ಲಿದ್ದ ಪಾಸ್‌ಪೋರ್ಟಿನ ಫೋಟೋ ತೋರಿಸಿದೆ. ಫೋಟೋ ಕೂಡ ಆಗುವುದಿಲ್ಲವಂತೆ. ಕೊನೆಗೆ ಸೆರಗು ಹಿಂದಕ್ಕೆ ಸರಿಸಿ ನನ್ನ ತಲೆಯನ್ನೇ ತೋರಿಸಿದೆ.

"ನನ್ನ ಮಗನಿಗೇ ನಲವತ್ತೊಂದು" ಎಂದು ನನಗೆ ಬರುವ ಇಂಗ್ಲಿಷಿನಲ್ಲಿ ಹೇಳಿದೆ.

ಹುಡುಗಿಗೆ ನಿಜಕ್ಕೂ ಬೇಜಾರಾಯಿತೆಂದು ಕಾಣುತ್ತದೆ. ನೀವು ದೊಡ್ಡವರೆಂದು ನನಗೆ ಕಾಣುತ್ತಿದೆ, ಆದರೆ ಕಣ್ಣಿಗೆ ಕಂಡದ್ದನ್ನು ನಂಬಬೇಡಿ, ಎಲ್ಲರನ್ನೂ ಕೇಳಿ ಎಂದು ಇಲ್ಲಿ ಹೇಳಿದ್ದಾರೆ, ತಪ್ಪಿದರೆ ನನ್ನ ಕೆಲಸ ಹೋಗುತ್ತದೆ ಎಂದಳು. ಹಾಗಾದರೆ ನನಗೊಬ್ಬಳಿಗೆ ಕೊಡು ಎಂದರು ಪೊನ್ನಮ್ಮ. ಅದೂ ಆಗುವಂತಿರಲಿಲ್ಲ. ಒಂದೇ ಮೇಜಿನಲ್ಲಿ ಇಬ್ಬರು ಕೇಳಿ ಒಬ್ಬರ ಬಳಿ ಐಡಿ ಇಲ್ಲದಿದ್ದರೆ ಇನ್ನೊಬ್ಬರಿಗೂ ಕೊಡಬಾರದಂತೆ. ಕೊಟ್ಟರೆ ಅವರು ಇವರಿಗೆ ದಾಟಿಸಬಹುದಂತೆ.

"ನಿಮಗೆ ನಾನು ಕದ್ದು ಕುಡಿಸ್ತೀನಂತೆ" ಎಂದು ಪೊನ್ನಮ್ಮ ಕನ್ನಡದಲ್ಲಿ ನನಗೆ ಹೇಳಿ ಎದ್ದರು. ಹುಡುಗಿ ನಿಂಬೆ ಶರಬತ್ತು ಕೊಡುತ್ತೇನೆ, ಕೂತುಕೊಳ್ಳಿ ಎಂದಳು. ಕೂರುವ ಮನಸ್ಸು ಇಬ್ಬರಿಗೂ ಇರಲಿಲ್ಲ.

ಮತ್ತೆ ರಸ್ತೆಗೆ ಬಂದೆವು. ಮಂಡ್ಯದಲ್ಲಿ ನಾನು ಬ್ರಾಂದಿ ಅಂಗಡಿಯ ಮುಂದೆ ನಿಂತರೆ ಯಾರೂ ವಯಸ್ಸು ಕೇಳುವುದಿಲ್ಲ, ಯಾರ ಮನೆಯವಳು ಎಂದು ಕೇಳುತ್ತಾರೆ. ಇಲ್ಲಿ ಅಕ್ಕಪಕ್ಕದ ಮೇಜಿನವರು ಯಾರೂ ತಲೆಯೆತ್ತಿ ಸಹ ನೋಡಿರಲಿಲ್ಲ. ಅದು ಸಮಾಧಾನದ ವಿಷಯವೇ. ಆದರೂ ನನ್ನ ಮುಖ ಉರಿಯುತ್ತಿತ್ತು. ಹುಟ್ಟಿದ ಮಕ್ಕಳ ತೂಕ ಬರೆದು, ಸತ್ತವರ ಕಣ್ಣು ಮುಚ್ಚಿ ಇಷ್ಟು ವರ್ಷ ಕಳೆದವಳನ್ನು ಒಂದು ಚಿಕ್ಕ ಹುಡುಗಿ, ನೀನು ದೊಡ್ಡವಳೆಂಬುದಕ್ಕೆ ಏನು ಸಾಕ್ಷಿ ಎಂದು ಕೇಳಿದ್ದಳು. ಇನ್ನೊಂದು ಕಡೆ, ಧೈರ್ಯಕ್ಕೆಂದು ಕುಡಿಯಲು ಹೊರಟದ್ದೂ ತಪ್ಪಿತಲ್ಲ ಎಂದುಕೊಳ್ಳುತ್ತ ಬೇಗ ಬೇಗ ಹೆಜ್ಜೆ ಹಾಕಿದೆ. ಪೊನ್ನಮ್ಮ ನನಗಿಂತಲೂ ಬಿರುಸಾಗಿ ನಡೆಯುತ್ತಿದ್ದರು.

"ಬನ್ನಿ, ಇದೊಂದೇ ಹೋಟೆಲಾ ಇರೋದು" ಎಂದರು.

ಬೇರೆ ಬೇರೆ ದೇಶಗಳಿಂದ ತಂದ ಹಳೆಯ ಟ್ರಾಮುಗಳು ಆ ರಸ್ತೆಯಲ್ಲಿ ಓಡುತ್ತವೆ. ನಾವು ಹತ್ತಿದ್ದು ಮರದ ಬೆಂಚಿನ ಕಿತ್ತಳೆ ಬಣ್ಣದ್ದು. ಬ್ರೇಕು ಹಾಕಿದಾಗೆಲ್ಲ ಕಿರುಗುಟ್ಟುತ್ತಿತ್ತು. ಪ್ರವಾಸಿಗಳೆಲ್ಲ ಇಳಿಯುವ ಕಡೆ ನಾವೂ ಇಳಿದೆವು. ಕಡಲಸಿಂಹಗಳು ಹಲಗೆಗಳ ಮೇಲೆ ಒಂದರ ಮೇಲೊಂದು ಬಿದ್ದುಕೊಂಡು ಕೂಗುತ್ತಿದ್ದವು. ಗಾಳಿ ಎಷ್ಟಿತ್ತೆಂದರೆ ಕರಿದ ಮೀನಿನ ಪೊಟ್ಟಣವನ್ನು ಒಬ್ಬರು ಹಿಡಿದುಕೊಂಡು ಇನ್ನೊಬ್ಬರು ತಿನ್ನಬೇಕಾಯಿತು. ಮೀನು ಬಿಸಿಯಾಗಿತ್ತು, ಉಪ್ಪು ಖಾರ ಏನೂ ಇರಲಿಲ್ಲ. ಪೊನ್ನಮ್ಮ ಚೀಲದಿಂದ ಮೆಣಸಿನಪುಡಿಯ ಪೊಟ್ಟಣ ತೆಗೆದು ಉದುರಿಸಿದರು. ಫೋಟೋ ತೆಗೆಯೋಣವೇ ಎಂದೆ. "ಆಮೇಲೆ" ಎಂದರು. ಊರಿನ ಆ ಹೆಸರಾಂತ ಕೆಂಪು ಸೇತುವೆ ನೋಡೋಣವೇ ಎಂದು ಅವರು ಕೇಳಿದರು. "ಆಮೇಲೆ" ಎಂದು ನಾನೂ ಹೇಳಿದೆ.

ಅಲ್ಲಿಂದ ಏರು ರಸ್ತೆಯಲ್ಲಿ ಇಟಲಿಯವರ ಹಳೆಯ ಬಡಾವಣೆಗೆ ನಡೆದೆವು. ಕಾಫಿ ಅಂಗಡಿ, ಬ್ರೆಡ್ಡಿನ ಅಂಗಡಿ, ಬೀದಿಗೇ ಮೇಜು ಹಾಕಿದ ಹೋಟೆಲುಗಳು. ಒಂದು ಮೂಲೆಯಲ್ಲಿ ಗಾಜಿನ ಕಿಟಕಿಯ ಸಣ್ಣ ಬಾರು ಕಂಡಿತು. ಒಳಗೆ ಮಬ್ಬು ಬೆಳಕು, ನಾಲ್ಕಾರು ಜನ. ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಬಿಳಿಗಡ್ಡದ ಮನುಷ್ಯನೊಬ್ಬ ಕೂತಿದ್ದ. ಒಳಗೆ ಕಾಲಿಡುವ ಮೊದಲೇ ಕೈ ಚಾಚಿದ. ಇಲ್ಲಿ ಕುಡಿಯಲು ಮಾತ್ರವಲ್ಲ, ಒಳಗೆ ಹೋಗಲೂ ಇಪ್ಪತ್ತೊಂದು ತುಂಬಿರಬೇಕಿತ್ತು.

ಪೊನ್ನಮ್ಮನ ಪಾಸ್‌ಪೋರ್ಟು ನೋಡಿ ಒಳಗೆ ಹೋಗಿ ಎಂದು ಸನ್ನೆ ಮಾಡಿದ. ನಾನು ಬರಿಗೈ ತೋರಿಸಿದೆ.

"ನಿಮಗೆಷ್ಟು ವಯಸ್ಸು?" ಎಂದು ನಾನೇ ಅವನನ್ನು ಕೇಳಿದೆ.

"ಎಪ್ಪತ್ತೆರಡು."

"ನನಗೆ ಅರವತ್ತೇಳು. ನಂಬೋದಿಲ್ವಾ?"

"ನಂಬ್ತೀನಿ. ಆದರೆ ನನ್ನನ್ನು ಇಲ್ಲಿ ಕೂರಿಸಿರೋದು ನಂಬೋದಕ್ಕಲ್ಲ" ಎಂದ. ತನ್ನ ತಾಯಿಯ ತೊಂಬತ್ತನೇ ಹುಟ್ಟುಹಬ್ಬಕ್ಕೆ ಅವಳನ್ನು ಇಲ್ಲಿಗೇ ಕರೆದುಕೊಂಡು ಬಂದಿದ್ದನಂತೆ. ಅವಳ ಕಾರ್ಡನ್ನೂ ಕೇಳಿ ನೋಡಿಯೇ ಒಳಗೆ ಬಿಟ್ಟನಂತೆ. ಅವಳು ಒಳಗೆ ಹೋಗುವ ತನಕ ಬೈಯುತ್ತಲೇ ಹೋದಳೆಂದು ಹೇಳಿ ನಕ್ಕ. ನನಗೂ ನಗು ಬಂತು. ಬೆಳಗ್ಗೆಯಿಂದ ಅದೇ ಮೊದಲು.

ಪೊನ್ನಮ್ಮ ಬಾಗಿಲಲ್ಲೇ ನಿಂತಿದ್ದರು. "ನೀವು ಹೋಗಿ ಕುಡಿದು ಬನ್ನಿ, ನಾನು ಇಲ್ಲಿರ್ತೀನಿ" ಎಂದೆ. ಅವರು ಬೇಡವೆಂದರು. ನಾನು ಬಿಡಲಿಲ್ಲ. ಆಸೆಪಟ್ಟು ಇಷ್ಟು ದೂರ ಬಂದವರು ನನ್ನ ಪಾಸ್‌ಪೋರ್ಟಿನ ದೆಸೆಯಿಂದ ಯಾಕೆ ಹಿಂತಿರುಗಬೇಕು ಎಂದು ದಬಾಯಿಸಿ ಕಳಿಸಿದೆ. ಗಡ್ಡದವನು ಒಳಗಿನಿಂದ ಒಂದು ಮಡಿಸುವ ಕುರ್ಚಿ ತಂದು ತನ್ನ ಪಕ್ಕದಲ್ಲಿ ಹಾಕಿಕೊಟ್ಟ. ಇಲ್ಲಿನ ವೈನು ಅಂಥಾ ಚೆನ್ನಾಗಿಲ್ಲ, ನೀವೇನೂ ಕಳೆದುಕೊಂಡಿಲ್ಲ ಎಂದು ದನಿ ತಗ್ಗಿಸಿ ಹೇಳಿದ.

ಗಾಜಿನಾಚೆ ಪೊನ್ನಮ್ಮ ಎತ್ತರದ ಸ್ಟೂಲಿನ ಮೇಲೆ ಕೂತಿದ್ದು ಕಾಣುತ್ತಿತ್ತು. ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ. ಕೆಂಪು ವೈನಿನ ಗ್ಲಾಸು ಬಂತು. ಬೆಳಕಿಗೆ ಹಿಡಿದು ನೋಡಿದರು, ಮೂಸಿದರು, ಕೆಳಗಿಟ್ಟರು. ಮತ್ತೆ ಎತ್ತಿಕೊಂಡರು. ತುಟಿಯ ತನಕ ಒಯ್ದು ಹಾಗೆಯೇ ಹಿಡಿದುಕೊಂಡು ಕಿಟಕಿಯ ಕಡೆ ತಿರುಗಿದರು. ಕುಡೀರಿ ಎಂದು ನಾನು ಕೈಸನ್ನೆ ಮಾಡಿದೆ. ಅವರು ಗ್ಲಾಸು ಇಟ್ಟು, ದುಡ್ಡು ಕೊಟ್ಟು, ಸ್ಟೂಲಿನಿಂದ ಜಾರಿ ಇಳಿದು ಹೊರಗೆ ಬಂದುಬಿಟ್ಟರು.

"ಹುಳಿಯಾಗಿತ್ತಾ?" ಎಂದೆ.

"ಇಲ್ಲ, ವಾಸನೆ ಚೆನ್ನಾಗೇ ಇತ್ತು."

"ಮತ್ತೆ?"

"ಒಬ್ಬಳೇ ಕುಡಿದು ಏನು ಮಾಡ್ಲಿ. ನಿಮ್ಮ ಹತ್ರ ಒಂದು ಮಾತು ಹೇಳೋದಿತ್ತು ಜಯಮ್ಮನವರೇ. ಬರೀ ಬಾಯಲ್ಲಿ ಹೇಳೋಕೆ ಆಗ್ತಿರ್ಲಿಲ್ಲ. ಅದಕ್ಕೇ ಈ ಅಲೆದಾಟ ಎಲ್ಲ."

ನಾನು ಎದ್ದು ಕುರ್ಚಿ ಮಡಿಸಿ ಗೋಡೆಗೆ ಒರಗಿಸಿದೆ. ಗಡ್ಡದವನು ನಮ್ಮಿಬ್ಬರ ಮುಖ ನೋಡಿ, ಏನೋ ಕೆಲಸ ನೆನಪಾದವನಂತೆ ಒಳಗೆ ಹೋದ.

ಎದುರಿಗೆ ಚರ್ಚಿನ ಮುಂದೆ ಹುಲ್ಲುಹಾಸಿನ ಪಾರ್ಕು. ಅಲ್ಲಿ ಒಂದು ಬೆಂಚಿನಲ್ಲಿ ಕೂತೆವು. ಚೀನಾದ ಮುದುಕರು ಗುಂಪಾಗಿ ಇಸ್ಪೀಟು ಆಡುತ್ತಿದ್ದರು. ಪೊನ್ನಮ್ಮ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ನನ್ನ ಕಡೆ ನೋಡದೆ ಮಾತು ಶುರುಮಾಡಿದರು.

"ನಾನು ಇಲ್ಲಿಗೆ ಬಂದಿದ್ದು ತಾರಾನ ನೋಡ್ಕೊಳ್ಳೋಕೆ ಅಂತ ನಿಮಗೆ ಹೇಳಿದ್ದು ಸುಳ್ಳು. ರೋಶ್ನಿ ಅತ್ತು ಫೋನ್ ಮಾಡಿದ್ಲು, ಅದಕ್ಕೆ ಬಂದೆ. ಅವರಿಬ್ಬರೂ ಬಿಟ್ಟುಬಿಡ್ತಿದಾರೆ. ಅನಿಲ ಅಲ್ಲಿ ಬೇರೆ ಮನೆ ಮಾಡಿದಾನೆ. ಬೇರೆ ಹೋಗು ಅಂತ ಹೇಳಿದ್ದು ಇವಳೇ. ನಿಮಗೆ ಹೇಳ್ಬೇಡ ಅಂತ ನನ್ನ ಕೈಲಿ ಮಾತು ತಗೊಂಡ್ಲು. ಮಗನ್ನ ಮನೆಯಿಂದ ಆಚೆ ಹಾಕಿದ್ಲು ಅಂತ ಅತ್ತೆ ಅಂದ್ಕೋತಾರೆ ಅಂತ ಅವಳಿಗೆ ಭಯ."

"ಆ ಮನೆ ನಾನು ನೋಡಿದೀನಿ" ಎಂದೆ.

ಈಗ ಅವರು ತಿರುಗಿದರು. "ಯಾವಾಗ?"

"ಬಂದ ಎರಡನೇ ವಾರ. ಅವನೂ ನಿಮಗೆ ಹೇಳ್ಬೇಡ ಅಂದಿದ್ದ."

ಆಮೇಲೆ ನನಗೆ ಎಲ್ಲಿತ್ತೋ ಸಿಟ್ಟು ಬಂತು. "ನಿಮಗೆ ಮೊದಲಿಂದ ಗೊತ್ತಿತ್ತು. ಗೊತ್ತಿದ್ದೂ ದಿನಾ ನಂಗೆ ಕಾಫಿ ತಂದ್ಕೊಡ್ತಿದ್ರಿ" ಎಂದೆ.

"ನಿಮಗೂ ಗೊತ್ತಿತ್ತು. ಗೊತ್ತಿದ್ದೂ ಕುಡೀತಿದ್ರಿ" ಎಂದರು ಅವರು. ದನಿಯಲ್ಲಿ ಸಿಟ್ಟಿರಲಿಲ್ಲ. "ನನ್ನ ಮಗಳು ಸುಮ್ನಿರು ಅಂದ್ಲು, ನಾನು ಸುಮ್ನಿದ್ದೆ. ನಿಮ್ಮ ಮಗ ಅಂದ, ನೀವೂ ಸುಮ್ನಿದ್ರಿ. ಅಲ್ಲಿಗೆ ತಕ್ಕಡಿ ಸಮ ಆಯ್ತಲ್ಲ."

"ಅವನು ಏನು ತಪ್ಪು ಮಾಡಿದ? ಯಾರಾದ್ರೂ ಇದ್ದಾರಾ?" ಈ ಪ್ರಶ್ನೆಯನ್ನು ಮಗನನ್ನು ಕೇಳಲು ನನಗೆ ಧೈರ್ಯ ಬಂದಿರಲಿಲ್ಲ.

"ಯಾರೂ ಇಲ್ಲ. ಇವಳಿಗೂ ಇಲ್ಲ. ಕೇಳಿದೀನಿ."

"ಕೂರಿಸಿ ಬುದ್ಧಿ ಹೇಳಿದ್ರೆ ಸರಿಹೋಗಲ್ವಾ ಪೊನ್ನಮ್ಮನವರೇ?"

"ಜಗಳ ಇದ್ದಿದ್ರೆ ಬಿಡಿಸ್ಬೋದಿತ್ತು. ಜಗಳವೇ ಇಲ್ಲವಲ್ಲ. ಶನಿವಾರ ಅವನು ತನ್ನ ಮನೆಗೇ ಬೆಲ್ ಹೊಡೆದು, ಬಾಗಿಲು ತೆಗೆಯೋ ತನಕ ನಿಂತಿರ್ತಾನೆ. ಇವಳು ಬಾ ಅಂತ ಕರೆದು ನೀರು ಕೊಡ್ತಾಳೆ. ನೆಂಟರ ಥರ. ನೀವೂ ನೋಡಿಲ್ವಾ?"

ನೋಡಿದ್ದೆ. ಬಾಗಿಲು ತೆಗೆದವಳೇ ನಾನು. ಕೀ ಮರೆತಿರಬೇಕೆಂದು ನನಗೆ ನಾನೇ ಹೇಳಿಕೊಂಡಿದ್ದೆ.

ಅಳು ಬಂತು. ಅವರಿಗೂ ಬಂತು. ಬೀಗಿತ್ತಿಯರು ಪರವೂರಿನ ಪಾರ್ಕಿನಲ್ಲಿ ಕೂತು ಅತ್ತೆವು. ಇಸ್ಪೀಟಿನ ಮುದುಕರಲ್ಲೊಬ್ಬ ಒಮ್ಮೆ ನೋಡಿ ಮತ್ತೆ ತನ್ನ ಎಲೆಗಳ ಕಡೆ ತಿರುಗಿದ. ಬೆಳಗ್ಗೆ ಬಿಚ್ಚಿ ಕಟ್ಟಿದ್ದ ಚಪಾತಿ ರೋಲನ್ನು ಆಮೇಲೆ ಅಲ್ಲೇ ತಿಂದೆವು. 

ತಿಂದು ಕೈ ಒರೆಸಿಕೊಂಡು ಪೊನ್ನಮ್ಮ ಎದ್ದು ನಿಂತರು. "ನಾನು ಆ ಮನೆ ನೋಡ್ಬೇಕು" ಎಂದರು.

"ಯಾವತ್ತು?"

"ಈಗಲೇ. ಇಲ್ಲಿಂದ ರೈಲು ಇದೆಯಂತಲ್ಲ."

ಇಳಿಜಾರಿನ ರಸ್ತೆಯಲ್ಲಿ ಮೊಣಕಾಲು ಹಿಡಿದುಕೊಳ್ಳುತ್ತ ಇಳಿದು, ದಾರಿ ಕೇಳುತ್ತ, ನೆಲದಡಿಯ ನಿಲ್ದಾಣ ಸೇರಿದೆವು. ನಾನು ಅನಿಲನಿಗೆ ಫೋನ್ ಮಾಡಿ, ಇಬ್ಬರೂ ಬರುತ್ತಿದ್ದೇವೆ ಎಂದೆ. "ಅತ್ತೇನೂನಾ?" ಎಂದು ಒಂದೇ ಮಾತು ಕೇಳಿದ. ಸ್ಯಾನ್ ರಮೋನಿಗೆ ಹತ್ತಿರದ, ಡಬ್ಲಿನ್ ಎಂಬ ಕೊನೆಯ ನಿಲ್ದಾಣದಲ್ಲಿ ಇಳಿಯಿರಿ, ಡ್ಯೂಟಿ ಮುಗಿಸಿ ಬರುತ್ತೇನೆ ಎಂದ.

ರೈಲು ಕೊಲ್ಲಿಯ ತಳದ ಸುರಂಗದಲ್ಲಿ ಓಡುವಾಗ ಕಿವಿಗಡಚಿಕ್ಕುವ ಸದ್ದು. ಮಾತಾಡಿದರೂ ಕೇಳಿಸುವಂತಿರಲಿಲ್ಲ. ಪೊನ್ನಮ್ಮ ನನ್ನ ಕೈ ಹಿಡಿದುಕೊಂಡಿದ್ದರು. ಓಕ್‌ಲ್ಯಾಂಡಿನಲ್ಲಿ ಮೇಲೆ ಬಂದಾಗ ಬಿಸಿಲು. ಗೋದಾಮುಗಳು, ಹಡಗಿಗೆ ಏರಿಸುವ ಸರಕಿನ ದೊಡ್ಡ ಡಬ್ಬಿಗಳು, ಗೋಡೆಗಳ ತುಂಬ ಬಣ್ಣದ ಚಿತ್ರಗಳು ಹೋದವು. ಆಮೇಲೆ ಒಣಹುಲ್ಲಿನ ಗುಡ್ಡಗಳ ನಡುವೆ ದಾರಿ. ಕೊನೆಯ ನಿಲ್ದಾಣದಲ್ಲಿ ಇಳಿದಾಗ ಬೆಳಗಿನ ಸ್ಯಾನ್ ಹೋಸೆಯಷ್ಟೇ ಸೆಕೆ.

ಅನಿಲ ಕಾರಿನಿಂದ ಇಳಿದು ಬಂದ. ಪೊನ್ನಮ್ಮನ ಕೈಚೀಲ ತೆಗೆದುಕೊಳ್ಳಲು ಕೈ ಚಾಚಿ, ಏನೋ ಹೇಳಲು ಹೋಗಿ ನಿಲ್ಲಿಸಿದ.

"ಏನಂತ ಕರೀಬೇಕು ಅಂತ ಯೋಚನೆಯಾ? ಅತ್ತೆ ಅಂತಲೇ ಕರಿ. ಅದಕ್ಕೆ ಯಾರೂ ಬೇಡ ಅಂದಿಲ್ಲ" ಎಂದರು ಪೊನ್ನಮ್ಮ.

ಅವನು ತಲೆ ತಗ್ಗಿಸಿ "ಬನ್ನಿ ಅತ್ತೆ" ಎಂದ.

ಅಪಾರ್ಟ್‌ಮೆಂಟು ಎರಡನೇ ಮಹಡಿಯಲ್ಲಿತ್ತು. ಪೊನ್ನಮ್ಮ ಕುರ್ಚಿಯಲ್ಲಿ ಕೂರಲೇ ಇಲ್ಲ. ಮೊದಲು ತಾರಾಳ ಮಂಚದ ಹತ್ತಿರ ಹೋಗಿ ಹಾಸಿಗೆ ಒತ್ತಿ ನೋಡಿದರು. ಕಿಟಕಿಯ ಚಿಲಕ ಗಟ್ಟಿಯಾಗಿದೆಯೇ ಎಂದು ಎಳೆದು ನೋಡಿದರು. ಫ್ರಿಜ್ಜು ತೆರೆದರೆ ಹಾಲು, ಮೊಟ್ಟೆ, ಒಂದು ಡಬ್ಬಿ ಉಪ್ಪಿನಕಾಯಿ. ಒಲೆಯ ಮೇಲೆ ಚಹಾ ಉಕ್ಕಿದ ಕಲೆ ಕಪ್ಪಾಗಿ ಅಂಟಿತ್ತು. ಸ್ವೆಟರಿನ ತೋಳು ಮೇಲೇರಿಸಿ ತಿಕ್ಕಲು ನಿಂತರು. ನಾನು ಬಿಡಿ ಎಂದರೆ ಕೇಳಲಿಲ್ಲ. ಅನಿಲ ಅಡಿಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಬಿಟ್ಟುಹೋಗುತ್ತಿರುವ ಹೆಂಡತಿಯ ತಾಯಿ ತನ್ನ ಒಲೆ ತಿಕ್ಕುತ್ತಿರುವಾಗ ಗಂಡಸು ಏನು ಮಾಡಬೇಕೆಂದು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

"ರೋಶ್ನಿಗೆ ಫೋನ್ ಹಾಕು" ಎಂದರು ಪೊನ್ನಮ್ಮ, ಕೈ ನಿಲ್ಲಿಸದೆ. "ನಮ್ಮಿಬ್ಬರಿಗೂ ಗೊತ್ತಾಗಿದೆ ಅಂತ ನೀನೇ ಹೇಳು."

ಅವನು ಸ್ಪೀಕರಿನಲ್ಲಿ ಹಾಕಿ ಹೇಳಿದ. ಆ ಕಡೆಯಿಂದ ರೋಶ್ನಿ, "ಅತ್ತೆ ಪಕ್ಕದಲ್ಲಿದ್ದಾರಾ?" ಎಂದು ಕೇಳಿದಳು.

"ಇದೀನಿ ಕಣಮ್ಮ" ಎಂದೆ.

"ನಿಮಗೆ ಕೋಪ ಇದೆಯಾ?"

ಇಲ್ಲವೆಂದರೆ ಸುಳ್ಳಾಗುತ್ತಿತ್ತು. "ಇದೆ. ಯಾರ ಮೇಲೆ ಅಂತ ಗೊತ್ತಾಗ್ತಿಲ್ಲ. ರಾತ್ರಿ ಅಡುಗೆ ಮಾಡ್ಬೇಡ, ನಾನೇ ಬಂದು ಮಾಡ್ತೀನಿ" ಎಂದೆ. ಅವಳು ಅಳುವುದು ಕೇಳಿಸಿತು. ಅನಿಲ ಫೋನನ್ನು ಕೈಯಲ್ಲಿ ಹಿಡಿದುಕೊಂಡೇ, "ತಾರಾಗೆ ನಾವಿಬ್ರೂ ಸೇರಿ ಹೇಳೋಣ, ಈ ವಾರವೇ" ಎಂದು ಅವಳಿಗೆ ಹೇಳಿದ. ಅವಳು ಹೂಂ ಎಂದಳು. ಅವರಿಬ್ಬರ ನಡುವೆ ನಾನು ಆ ದೇಶಕ್ಕೆ ಬಂದ ಮೇಲೆ ಕೇಳಿದ ನಿಜವಾದ ಮಾತು ಅದೊಂದೇ.

ಸಂಜೆ ಅನಿಲನ ಕಾರಿನಲ್ಲಿ 680 ಹಿಡಿದು ಹೊರಟೆವು. ಆಫೀಸು ಬಿಡುವ ಹೊತ್ತು. ಟ್ರಾಫಿಕ್ಕು ನಿಜಕ್ಕೂ ಇತ್ತು. ಕಾರು ಆಮೆಯಂತೆ ತೆವಳುತ್ತಿತ್ತು, ಎರಡೂ ಕಡೆಯ ಗುಡ್ಡಗಳು ಇಳಿಬಿಸಿಲಿಗೆ ಹೊಂಬಣ್ಣವಾಗಿದ್ದವು. ಪೊನ್ನಮ್ಮ ನನ್ನ ಜೊತೆ ಹಿಂದಿನ ಸೀಟಿನಲ್ಲಿದ್ದರು. ನಿದ್ದೆ ಹತ್ತಿದೆ ಎಂದುಕೊಂಡಿದ್ದೆ. ಕಣ್ಣು ಮುಚ್ಚಿಕೊಂಡೇ ಮಾತಾಡಿದರು.

"ಜಯಮ್ಮನವರೇ, ನೀವು ಮುಂದಿನ ವಾರ ಊರಿಗೆ ಹೋಗ್ತೀರಿ. ನಾನು ಇನ್ನೂ ಇರ್ತೀನಿ. ತಾರಾ ಅನಿಲನ ಮನೆಗೆ ಬರೋ ದಿನಗಳಲ್ಲಿ ಒಂದೊಂದು ಸಲ ನಾನೂ ಅವಳ ಜೊತೆ ಬರ್ಬೋದಾ?"

"ಇದನ್ನ ನನ್ನ ಯಾಕೆ ಕೇಳ್ತೀರಿ?" ಎಂದೆ.

"ನಿಮ್ಮ ಮಗನ ಮನೆ. ನಿಮ್ಮನ್ನ ಕೇಳದೆ ಹೇಗೆ ಬರಲಿ?"

ಮುಂದೆ ಅನಿಲ ಕನ್ನಡಿಯಲ್ಲಿ ನಮ್ಮನ್ನು ನೋಡುತ್ತಿದ್ದ. ಕಣ್ಣು ತುಂಬಿತ್ತು, ರಸ್ತೆಯ ಕಡೆ ತಿರುಗಿದ. "ಬನ್ನಿ. ನಾನಿದ್ದಿದ್ರೆ ಏನು ಮಾಡ್ತಿದ್ನೋ ಅದನ್ನ ನೀವೇ ಮಾಡಿ" ಎಂದೆ.

ಪೊನ್ನಮ್ಮ ತಲೆಯಾಡಿಸಿದರು. ಸ್ವಲ್ಪ ಹೊತ್ತಿಗೆ ನಿಜವಾಗಿಯೂ ನಿದ್ದೆ ಹೋದರು. ಘಟ್ಟ ಇಳಿಯುತ್ತಿದ್ದಂತೆ ಟ್ರಾಫಿಕ್ಕು ಸಡಿಲವಾಯಿತು, ಕಾರು ವೇಗ ಹಿಡಿಯಿತು. ಅವರ ತಲೆ ನನ್ನ ಭುಜಕ್ಕೆ ಒರಗಿತು. ಎಚ್ಚರವಾಗದಂತೆ ಮೆಲ್ಲಗೆ ಕತ್ತು ತಿರುಗಿಸಿ ಹಿಂದಿನ ಗಾಜಿನಲ್ಲಿ ನೋಡಿದೆ. ನಾವು ದಾಟಿ ಬಂದ ಗುಡ್ಡಗಳ ಬಣ್ಣ ಆರುತ್ತಿತ್ತು, ಎದುರು ಸಾಲಿನಲ್ಲಿ ಉತ್ತರದ ಕಡೆಗೆ ಮನೆಗೆ ಹೋಗುವವರ ದೀಪಗಳು ಒಂದೊಂದಾಗಿ ಹತ್ತಿಕೊಳ್ಳುತ್ತಿದ್ದವು.